ಹರಿಣಾಕ್ಷಿಯವರು ಜನ ಕಟ್ಟಿಕೊಂಡು ಗ್ರಹಣಕ್ಕೆ ಹೋದದ್ದು

ಸಿಂಗಾಪುರದ ಹೌಗಾಂಗ್‌ನ ಹರಿಣಾಕ್ಷಿಯವರು ಏನು ಕೆಲಸ ಮಾಡುತ್ತಾರೆ ಎಂಬುದು ಅವರ ಬ್ಲಾಕಿನಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. “ಶಿಪ್ಪಿಂಗ್” ಅಂದರೆ ಕೇಳಿದವರು ತಲೆಯಾಡಿಸಿ ಲಿಫ್ಟಿನ ಗುಂಡಿ ಒತ್ತುತ್ತಿದ್ದರು. ಅವರು ಮಾಡುತ್ತಿದ್ದುದು ಹಡಗಿನ ಜನರನ್ನು ಬದಲಾಯಿಸುವ ಕೆಲಸ. ಸಿಂಗಾಪುರದ ಹೊರಗೆ ಲಂಗರು ಹಾಕಿ ನಿಂತ ಹಡಗಿನಿಂದ, ವರ್ಷಗಟ್ಟಲೆ ನೀರಿನ ಮೇಲಿದ್ದ ಅಡುಗೆಯವನನ್ನೋ ಇಂಜಿನಿಯರನ್ನೋ ದೋಣಿಯಲ್ಲಿ ದಡಕ್ಕೆ ತರಬೇಕು, ಇಮಿಗ್ರೇಶನ್ ದಾಟಿಸಬೇಕು, ಹೊಟ್ಟೆಗೆ ಏನಾದರೂ ಹಾಕಿಸಿ ಊರಿನ ವಿಮಾನ ಹತ್ತಿಸಬೇಕು. ಅವನ ಜಾಗಕ್ಕೆ ಬಂದ ಹೊಸಬನನ್ನು ಅದೇ ದೋಣಿಯಲ್ಲಿ ಹಡಗಿಗೆ ಕಳಿಸಬೇಕು. ಹಡಗು ತಡವಾಗುತ್ತದೆ, ವಿಮಾನ ತಡವಾಗುತ್ತದೆ, ವೀಸಾದಲ್ಲಿ ಹೆಸರಿನ ಒಂದು ಅಕ್ಷರ ತಪ್ಪಿರುತ್ತದೆ. ಹರಿಣಾಕ್ಷಿಯವರು ಇಪ್ಪತ್ತಾರು ವರ್ಷ ಇದನ್ನೇ ಮಾಡಿದ್ದರು. ಕೋಪ ಬಂದರೂ ದನಿ ಏರಿಸದೆ ಫೋನಿನಲ್ಲಿ ಮಾತಾಡುವುದು ಅವರಿಗೆ ಅಲ್ಲಿಂದಲೇ ಬಂದದ್ದು.

ಊರು ಕಾಪು. ಗಂಡ ಕಾಂತಪ್ಪ ಟುವಾಸ್‌ನ ಒಂದು ವರ್ಕ್‌ಶಾಪಿನಲ್ಲಿ ಹಡಗಿನ ಇಂಜಿನ್ ರಿಪೇರಿಯ ಸೂಪರ್‌ವೈಸರ್. ಒಬ್ಬಳೇ ಮಗಳು ಯಶ್ಮಿತಾ ಇಲ್ಲೇ ಹುಟ್ಟಿ ಇಲ್ಲೇ ಬೆಳೆದವಳು, ಜಾಹೀರಾತು ಕಂಪನಿಯಲ್ಲಿ ಡಿಸೈನರ್. ಮನೆಯಲ್ಲಿ ಗಂಡಹೆಂಡತಿ ಮಾತಾಡುವುದು ತುಳುವಿನಲ್ಲಿ. ಇಲ್ಲಿ ನಾನು ಕನ್ನಡಕ್ಕೆ ತಂದುಕೊಂಡಿದ್ದೇನೆ.

ಗ್ರಹಣದ ವಿಷಯಕ್ಕೂ ಇವರಿಗೂ ಮೊದಲು ಯಾವ ಸಂಬಂಧವೂ ಇರಲಿಲ್ಲ. ಎಂಬತ್ತನೇ ಇಸವಿಯ ಫೆಬ್ರವರಿಯಲ್ಲಿ ಕರ್ನಾಟಕದ ಮೇಲೆ ದೊಡ್ಡ ಗ್ರಹಣ ಹಾದುಹೋದಾಗ ಅವರಿಗೆ ಹತ್ತು ವರ್ಷ. ಬಸುರಿ ಚಿಕ್ಕಮ್ಮನ ಜೊತೆ ಅವರನ್ನೂ ಒಳಕೋಣೆಗೆ ಹಾಕಿ, ಕಿಟಕಿಗೆ ಗೋಣಿ ತುರುಕಿ, ಬಾಗಿಲು ಎಳೆದಿದ್ದರು. ಗೋಣಿಯ ಸಂದಿನಿಂದ ಬೀಳುತ್ತಿದ್ದ ಬೆಳಕು ನೆಲದ ಮೇಲೆ ಕುಡುಗೋಲಿನ ಆಕಾರಕ್ಕೆ ತಿರುಗಿತ್ತು. ಅದನ್ನು ತೋರಿಸಿದ್ದಕ್ಕೆ ಚಿಕ್ಕಮ್ಮ ಹೆದರಿ ಅವರ ಕಣ್ಣು ಮುಚ್ಚಿದ್ದರು. ಅಷ್ಟೇ.

ಆಮೇಲೆ ಎರಡು ಸಾವಿರದ ಹತ್ತೊಂಬತ್ತರ ಡಿಸೆಂಬರಿನಲ್ಲಿ, ಕ್ರಿಸ್ಮಸ್ಸಿನ ಮರುದಿನ, ಸಿಂಗಾಪುರದ ಮೇಲೆಯೇ ಕಂಕಣ ಗ್ರಹಣ ಬಿತ್ತು. ಗ್ರಹಣ ಬಿಡುವ ತನಕ ಹೊರಗೆ ಹೋಗಬೇಡ ಎಂದು ಕಾಂತಪ್ಪ ಹೇಳಿ ಕೆಲಸಕ್ಕೆ ಹೋಗಿದ್ದರು. ಹರಿಣಾಕ್ಷಿಯವರಿಗೆ ಅಂದು ರಜೆ. ಕುಚ್ಚಲಕ್ಕಿ ಮುಗಿದಿತ್ತು ಎಂಬ ನೆಪ ಸಿಕ್ಕಿ ಲಿಟಲ್ ಇಂಡಿಯಾಕ್ಕೆ ಹೊರಟರು. ವಾಪಸ್ ಬರುವಾಗ ಫೆರರ್ ಪಾರ್ಕಿನ ಹುಲ್ಲುಗಾವಲಿನಲ್ಲಿ ಜನ ಸೇರಿದ್ದು ಕಂಡಿತು. ನಡುವೆ ಒಬ್ಬ ತೆಳ್ಳಗಿನ ಮುದುಕರು ದೂರದರ್ಶಕದ ಹಿಂದೆ ಬಿಳಿ ರಟ್ಟು ಹಿಡಿದು ಸೂರ್ಯನ ಬಿಂಬ ಬೀಳಿಸುತ್ತಿದ್ದರು. ಮೋಡ ಅಡ್ಡ ಬಂತು. ಮುದುಕರು ತಮ್ಮಷ್ಟಕ್ಕೆ, “ಅಯ್ಯೋ, ಇವತ್ತೇ ಬರಬೇಕಿತ್ತಾ ನೀನು,” ಅಂದರು.

“ನೀವು ಕನ್ನಡದವರಾ?” ಎಂದು ಹರಿಣಾಕ್ಷಿಯವರು ಕೇಳಿದರು.

“ಮೈಸೂರು. ರಟ್ಟು ಸ್ವಲ್ಪ ಹಿಡ್ಕೊಳ್ತೀಯೇನಮ್ಮ? ನನ್ನ ಕೈ ನಡುಗುತ್ತೆ.”

ಅಕ್ಕಿಚೀಲವನ್ನು ಕಾಲ ಬಳಿ ಇಟ್ಟು ಅವರು ರಟ್ಟು ಹಿಡಿದರು. ಮೋಡ ಸರಿದಾಗ ರಟ್ಟಿನ ಮೇಲೆ ಬಳೆಯಂಥ ಬೆಳಕು ಮೂಡಿತು. ಸುತ್ತ ನಿಂತ ಚೀನೀ, ಮಲಯ, ತಮಿಳು ಜನರೆಲ್ಲ ಒಟ್ಟಿಗೆ ಉಸಿರೆಳೆದ ಸದ್ದು ಅವರಿಗೆ ಕೇಳಿಸಿತು. ಸ್ವಲ್ಪ ಹೊತ್ತಿಗೆ ಬಳೆ ಒಡೆಯಿತು.

ಆ ಹಿರಿಯರ ಹೆಸರು ದ್ವಾರಕನಾಥ. ಜೂನಿಯರ್ ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸಿ ನಿವೃತ್ತರಾಗಿ ಬುಕಿತ್ ಬಾಟೋಕ್‌ನಲ್ಲಿದ್ದರು. “ಇದು ಉಂಗುರ ಅಷ್ಟೇ ಕಣಮ್ಮ,” ಅಂದರು, ದೂರದರ್ಶಕ ಬಿಚ್ಚುತ್ತ. “ಪೂರ್ತಿ ಮುಚ್ಚೋದನ್ನ ನೋಡಬೇಕು. ಹಗಲಲ್ಲೇ ನಕ್ಷತ್ರ ಕಾಣುತ್ತೆ. ನಾನೂ ನೋಡಿಲ್ಲ. ಇಲ್ಲಿಗೆ ಹತ್ತಿರ ಅಂದರೆ ಇಪ್ಪತ್ತಮೂರರ ಏಪ್ರಿಲ್‌ನಲ್ಲಿ, ಈಸ್ಟ್ ತಿಮೋರಿನ ತುದಿಯಲ್ಲಿ. ಅಲ್ಲಿಗೆ ಹೇಗೆ ಹೋಗೋದು ಅನ್ನೋದೇ ನನಗೆ ತಿಳಿಯದು.”

“ಅದು ನನಗೆ ಬಿಡಿ ಸರ್,” ಎಂದರು ಹರಿಣಾಕ್ಷಿ. ಯಾಕೆ ಹಾಗಂದೆ ಎಂದು ಎಂಆರ್‌ಟಿ ರೈಲಿನಲ್ಲಿ ಕೂತ ಮೇಲೆ ಯೋಚಿಸಿದರು. ಜನರನ್ನು ಸಾಗಿಸುವ ಮಾತು ಬಂದರೆ ಬಾಯಿ ತಾನಾಗಿ ತೆರೆಯುವ ಅಭ್ಯಾಸ.

ಮುಂದಿನ ಎರಡು ವರ್ಷ ಯಾರಿಗೂ ಎಲ್ಲಿಗೂ ಹೋಗುವ ಮಾತಿರಲಿಲ್ಲ. ಹಡಗಿನವರನ್ನು ಯಾವ ದೇಶವೂ ಇಳಿಸಿಕೊಳ್ಳದ ಕಾಲ ಅದು. ಹೆಂಡತಿಯ ಹೆರಿಗೆಗೆ ಹೋಗಬೇಕಿದ್ದ ಒಬ್ಬ ಇಂಜಿನಿಯರನನ್ನು ಹರಿಣಾಕ್ಷಿಯವರು ಮನೆಗೆ ಮುಟ್ಟಿಸುವಷ್ಟರಲ್ಲಿ ಮಗುವಿಗೆ ಹಲ್ಲು ಬಂದಿತ್ತು. ಗ್ರಹಣ ಪೂರ್ತಿ ಮರೆತುಹೋಗಿತ್ತು. ಎರಡು ಸಾವಿರದ ಇಪ್ಪತ್ತೆರಡರ ಮಧ್ಯದಲ್ಲಿ, ಗಡಿಗಳೆಲ್ಲ ತೆರೆದ ಮೇಲೆ, ದ್ವಾರಕನಾಥರ ಫೋನ್ ಬಂತು. “ಅಕ್ಕಿಚೀಲದ ಹರಿಣಾಕ್ಷಿ ತಾನೇ? ತಿಮೋರಿಗೆ ಕರ್ಕೊಂಡು ಹೋಗ್ತೀನಿ ಅಂದಿದ್ದೆಯಲ್ಲ ನೀನು.”

ಮಗಳನ್ನು ಕರೆದುಕೊಂಡು ಬುಕಿತ್ ಬಾಟೋಕ್‌ಗೆ ಹೋದರು. ದ್ವಾರಕನಾಥರ ಮನೆಯ ಹಾಲ್‌ನಲ್ಲಿ ಐದಾರು ಜನ ಸೇರಿದ್ದರು. ಅವರಲ್ಲಿ ಸುಪ್ರೀತಾ ಎಂಬ ನರ್ಸ್ ಒಬ್ಬಳು, ಉಳಿದವರು ಕೆಲಸಕ್ಕೆ ಸೇರಿ ಹೆಚ್ಚು ದಿನವಾಗದ ಹುಡುಗ ಹುಡುಗಿಯರು. ದ್ವಾರಕನಾಥರಿಗೆ ಬರೀ ಗ್ರಹಣ ನೋಡಿ ಬರುವುದು ಬೇಕಿರಲಿಲ್ಲ. ವಿಕ್ಟೋರಿಯಾ ರಾಣಿಯ ಕಾಲದ ವಿಜ್ಞಾನಿಗಳು ಗ್ರಹಣಕ್ಕೆ ದಂಡಯಾತ್ರೆ ಹೊರಟಂತೆ ಹೊರಡುತ್ತಿದ್ದರಲ್ಲ, ಅದೇ ರೀತಿ ನಾವೂ ಹೋಗಬೇಕು ಅಂದರು.

“ಸಾವಿರದ ಎಂಟುನೂರ ಎಪ್ಪತ್ತೊಂದರಲ್ಲಿ ಇಂಗ್ಲೆಂಡಿನಿಂದ ಒಂದು ತಂಡ ಬೇಕಲ ಕೋಟೆಗೆ ಬಂದಿತ್ತು,” ಎಂದು ಶುರು ಮಾಡಿದರು. “ಕಾಸರಗೋಡಿನ ಹತ್ತಿರ. ಆಗ ಫೋಟೋ ತೆಗೆಯೋದು ಕಷ್ಟ. ಸೂರ್ಯ ಮುಚ್ಚಿದಾಗ ಸುತ್ತ ಒಂದು ಬೆಳ್ಳನೆ ಪ್ರಭೆ ಕಾಣುತ್ತಲ್ಲ, ಕರೋನಾ ಅಂತ, ಅದನ್ನ ಕೈಯಲ್ಲೇ ಬರೀತಿದ್ರು. ಒಬ್ಬೊಬ್ಬರದು ಒಂದೊಂದು ಥರ ಬರೋದು. ಯಾರ ಕಣ್ಣು ನಂಬಬೇಕು? ಅದಕ್ಕೇ ಜಗಳ. ನಾವು ನಾಲ್ಕು ಜನ ಅದೇ ಥರ ಕೂತು, ಒಬ್ಬರದನ್ನ ಒಬ್ಬರು ನೋಡದೆ ಬರೆಯೋಣ. ಆಮೇಲೆ ಫೋಟೋ ಜೊತೆ ಹೋಲಿಸೋಣ. ಮನುಷ್ಯನ ಕಣ್ಣು ಎಷ್ಟು ನಂಬಿಕಸ್ಥ ಅಂತ ಗೊತ್ತಾಗುತ್ತೆ.”

“ಫೋನಲ್ಲಿ ವಿಡಿಯೋ ಮಾಡಿದ್ರೆ ಮುಗೀತಲ್ಲ ಅಂಕಲ್,” ಎಂದಳು ಯಶ್ಮಿತಾ.

“ಫೋನು ಎಷ್ಟು ನಂಬಿಕಸ್ಥ ಅಂತ ಆಗಲೇ ಗೊತ್ತಿದೆಯಲ್ಲಮ್ಮ.”

ಇನ್ನೊಂದು ಕೆಲಸ ಇತ್ತು. ಆ ಕಾಲದ ತಂಡಗಳಲ್ಲಿ ಒಬ್ಬರು ಗಡಿಯಾರದ ಮೇಲೆ ಕಣ್ಣಿಟ್ಟು ಸೆಕೆಂಡುಗಳನ್ನು ಗಟ್ಟಿಯಾಗಿ ಎಣಿಸಬೇಕು. ಬರೆಯುವವರಿಗೆ ಎಷ್ಟು ಹೊತ್ತು ಉಳಿದಿದೆ ಎಂದು ಅದರಿಂದಲೇ ತಿಳಿಯುವುದು. ಎಣಿಸುವವರು ಸೂರ್ಯನ ಕಡೆ ತಿರುಗುವ ಹಾಗಿಲ್ಲ. ತಿರುಗಿದರೆ ಎಣಿಕೆ ಹೋಯಿತು. ತಿಮೋರಿನಲ್ಲಿ ಸೂರ್ಯ ಪೂರ್ತಿ ಮುಚ್ಚಿರುವುದು ಬರೀ ಒಂದು ನಿಮಿಷ ಚಿಲ್ಲರೆ. ಇದನ್ನು ಯಾರು ಮಾಡುತ್ತೀರಿ ಎಂದು ದ್ವಾರಕನಾಥರು ಕೇಳಿದರು. ಹರಿಣಾಕ್ಷಿಯವರು ಕೈ ಎತ್ತಿದರು.

ವಾಪಸ್ ಬರುವಾಗ ಯಶ್ಮಿತಾ ಮುಖ ಊದಿಸಿಕೊಂಡಿದ್ದಳು. “ಅಮ್ಮ, ಇಷ್ಟೆಲ್ಲ ಪ್ಲ್ಯಾನ್ ಮಾಡಿ ನೀನೇ ನೋಡಲ್ಲ ಅಂದ್ರೆ ಏನರ್ಥ? ವೆರಿ ಸ್ಟುಪಿಡ್ ಲಾ.”

“ಮೊದಲು ಹೋಗುದು ಹೇಗೆ ಅಂತ ನೋಡುವ,” ಎಂದರು ತಾಯಿ.

ಹೋಗುವುದು ಹೇಗೆ ಎಂಬುದಕ್ಕಿಂತ ದುಡ್ಡು ಎಲ್ಲಿಂದ ಎಂಬುದು ದೊಡ್ಡ ಪ್ರಶ್ನೆಯಾಯಿತು. ವಿಮಾನದ ಟಿಕೆಟನ್ನು ಅವರವರೇ ಕೊಳ್ಳುತ್ತೇವೆ ಎಂದು ಹುಡುಗರು ಒಪ್ಪಿದ್ದರು. ಆದರೆ ದೂರದರ್ಶಕದ ಪೆಟ್ಟಿಗೆಗಳ ಸಾಗಾಟ, ತಿಮೋರಿನ ರಾಜಧಾನಿ ದಿಲಿಯಿಂದ ದ್ವೀಪದ ಪೂರ್ವದ ತುದಿಗೆ ಇಡೀ ದಿನದ ದಾರಿಗೆ ಬಸ್ಸು, ಊಟ, ವಸತಿ ಎಲ್ಲ ಸೇರಿ ಅವರ ಕೈಗೆ ಮೀರಿದ್ದಾಗಿತ್ತು. ಅಲ್ಲಿ ಗ್ರಹಣದ ವಾರಕ್ಕೆ ಎಲ್ಲದರ ಬೆಲೆ ಆಗಲೇ ಏರಿತ್ತು.

ಮೊದಲು ಒಂದು ಕನ್ನಡ ಸಂಘಟನೆಯ ಸಮಿತಿಯ ಮುಂದೆ ಹೋದರು. ದ್ವಾರಕನಾಥರು ಪ್ರಭೆಯ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿದರು. ಸಮಿತಿಯವರು ಮರ್ಯಾದೆಯಿಂದ ಕೇಳಿಸಿಕೊಂಡರು. ಕೊನೆಗೆ ಖಜಾಂಚಿ, “ಸರ್, ಐಡಿಯಾ ಚೆನ್ನಾಗಿದೆ. ಆದರೆ ಗ್ರಹಣಕ್ಕೆ ದೇವಸ್ಥಾನದೋರೇ ಬಾಗಿಲು ಹಾಕ್ತಾರೆ. ನಾವು ಮೆಂಬರ್ಸ್ ದುಡ್ಡು ಅದಕ್ಕೆ ಸ್ಪೆಂಡ್ ಮಾಡಿದ್ವಿ ಅಂದ್ರೆ ಜನರಲ್ ಬಾಡಿಯಲ್ಲಿ ನಮ್ಮನ್ನ ಬಿಡ್ತಾರಾ?” ಅಂದರು. ಎಲ್ಲರೂ ನಕ್ಕರು, ದ್ವಾರಕನಾಥರೂ ನಕ್ಕರು. ಹಣ ಸಿಗಲಿಲ್ಲ. ಎರಡು ಕಂಪನಿಗಳಿಗೆ ಇಮೇಲ್ ಹೋಯಿತು. ನಮ್ಮ ಸಹಾಯ ಸಿಂಗಾಪುರದೊಳಗಿನ ಕೆಲಸಕ್ಕೆ ಮಾತ್ರ ಎಂದು ಒಂದು ಉತ್ತರಿಸಿತು. ಇನ್ನೊಂದು ಉತ್ತರಿಸಲೇ ಇಲ್ಲ.

ದ್ವಾರಕನಾಥರು ಕುಗ್ಗಿದರು. “ಬಿಡಮ್ಮ, ನಾನು ಮನೆಯಲ್ಲೇ ಟಿವಿಯಲ್ಲಿ ನೋಡ್ತೀನಿ,” ಎಂದು ಫೋನಿನಲ್ಲಿ ಹೇಳಿದರು.

ಹರಿಣಾಕ್ಷಿಯವರು ಆ ಬೇಕಲದ ತಂಡದವರು ದುಡ್ಡು ಹೇಗೆ ಹೊಂದಿಸಿದ್ದರು ಎಂದು ಕೇಳಿದರು. ದ್ವಾರಕನಾಥರು ನೆನಪು ಮಾಡಿಕೊಂಡು ಹೇಳಿದರು. ಬೇಕಲಕ್ಕೆ ಬರುವ ಹಿಂದಿನ ವರ್ಷವೇ ಅವರು ಸರ್ಕಾರದ ಖರ್ಚಿನಲ್ಲಿ ಸಿಸಿಲಿಗೆ ಗ್ರಹಣಕ್ಕೆ ಹೋಗಿದ್ದರು. ದಾರಿಯಲ್ಲಿ ಹಡಗು ಬಂಡೆಗೆ ಬಡಿಯಿತು, ಅಲ್ಲಿ ಮೋಡವೂ ಕವಿಯಿತು. ಒಂದೇ ವರ್ಷದಲ್ಲಿ ಮತ್ತೆ ಅದೇ ಸರ್ಕಾರದ ಮುಂದೆ ಕೈಚಾಚಬೇಕಾಯಿತು. ಸರ್ಕಾರ ಸ್ವಲ್ಪ ಕೊಟ್ಟಿತು, ಹಡಗಿನ ಕಂಪನಿ ದರ ಇಳಿಸಿತು, ಸಿಲೋನಿನಿಂದ ಬೇಕಲದವರೆಗೆ ನೌಕಾಪಡೆ ತನ್ನ ಹಡಗಿನಲ್ಲೇ ಕರೆತಂದಿತು.

“ಅಂದರೆ ಎಲ್ಲರೂ ದುಡ್ಡೇ ಕೊಟ್ಟದ್ದಲ್ಲ,” ಎಂದರು ಹರಿಣಾಕ್ಷಿ.

“ಅಲ್ಲ. ಅವರವರ ಹತ್ತಿರ ಏನಿತ್ತೋ ಅದು.”

ಮರುದಿನದಿಂದ ಅವರು ದುಡ್ಡು ಕೇಳುವುದನ್ನು ನಿಲ್ಲಿಸಿದರು. ತಮ್ಮ ಕೆಲಸದ ಪರಿಚಯದವರಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿ, ಏಪ್ರಿಲಿನಲ್ಲಿ ತಿಮೋರಿನ ಕಡೆ ನಿಮಗೇನಾದರೂ ಕೆಲಸ ಉಂಟಾ ಎಂದು ವಿಚಾರಿಸತೊಡಗಿದರು. ವಾರಗಟ್ಟಲೆ ಏನೂ ಸಿಗಲಿಲ್ಲ. ಜನವರಿಯಲ್ಲಿ ಪಟ್ಟಾಭಿರಾಮ ಸಿಕ್ಕಿದರು. ಸರಕು ಸಾಗಾಟದ ಮಧ್ಯಮ ಗಾತ್ರದ ಕಂಪನಿಯೊಂದರ ನಿರ್ದೇಶಕರು, ಬೆಂಗಳೂರು ಕಡೆಯವರು. ತಿಮೋರಿನ ಶಾಲೆಗಳಿಗೆ ಗ್ರಹಣ ನೋಡುವ ಕಪ್ಪು ಕನ್ನಡಕ ಕಳಿಸುತ್ತೇವೆ ಎಂದು ಅವರ ಕಂಪನಿ ದೊಡ್ಡದಾಗಿ ಪ್ರಕಟಿಸಿಬಿಟ್ಟಿತ್ತು. ಹೆಚ್ಚಿನ ಪೆಟ್ಟಿಗೆಗಳು ಹಡಗಿನಲ್ಲಿ ದಿಲಿಗೆ ಹೋಗುತ್ತವೆ, ಸರಿ. ದಿಲಿಯಿಂದ ಹಳ್ಳಿಯ ಶಾಲೆಗಳಿಗೆ ಮುಟ್ಟಿಸುವವರು ಯಾರು ಎಂದು ಯಾರೂ ಯೋಚಿಸಿರಲಿಲ್ಲ.

“ಪೂರ್ವದ ಶಾಲೆಗಳಿಗೆ ನಾವು ಮುಟ್ಟಿಸುತ್ತೇವೆ,” ಎಂದರು ಹರಿಣಾಕ್ಷಿ. “ಮಕ್ಕಳಿಗೆ ಹಾಕಿಕೊಳ್ಳುದು ಹೇಗೆ ಅಂತ ಕಲಿಸುತ್ತೇವೆ. ಬಸ್ಸು, ವಸತಿ ನಿಮ್ಮದು.”

“ನೀವು ಒಂಬತ್ತು ಜನ. ಅಷ್ಟು ಶಾಲೆ ಮ್ಯಾನೇಜ್ ಮಾಡ್ತೀರಾ?”

“ನಾನು ಒಂದು ವಾರದಲ್ಲಿ ಇದಕ್ಕಿಂತ ಹೆಚ್ಚು ಜನರನ್ನು ಹಡಗಿನಿಂದ ಇಳಿಸುತ್ತೇನೆ ಸರ್. ಅವರು ಮಕ್ಕಳಿಗಿಂತ ಹಟ ಮಾಡುತ್ತಾರೆ.”

ಪಟ್ಟಾಭಿರಾಮ ಫೋಟೋಗಳು ಬೇಕು ಅಂದರು, ಬ್ಯಾನರ್ ಕಟ್ಟಬೇಕು ಅಂದರು. ಹರಿಣಾಕ್ಷಿಯವರು ಫೋಟೋಕ್ಕೆ ಒಪ್ಪಿದರು. ಬ್ಯಾನರನ್ನು ಬಸ್ಸಿಗೆ ಕಟ್ಟುತ್ತೇವೆ, ಶಾಲೆಗಲ್ಲ ಎಂದರು. ಅರ್ಧ ಗಂಟೆ ಚೌಕಾಸಿ ನಡೆಯಿತು. ದೂರದರ್ಶಕದ ಸಾಗಾಟದ ಖರ್ಚನ್ನೂ ಅವರ ತಲೆಗೇ ಕಟ್ಟಿ ಎದ್ದು ಬಂದರು.

ಇನ್ನು ಉಳಿದದ್ದು ಮನೆ. ಕಾಂತಪ್ಪನವರಿಗೆ ಗ್ರಹಣ ಎಂದರೆ ಉಪವಾಸ, ಸ್ನಾನ, ಜಪ. ಜಗಳ ಕಾಯುವ ಮನುಷ್ಯನಲ್ಲ, ಆದರೆ ಈ ಒಂದು ವಿಷಯದಲ್ಲಿ ಬಗ್ಗುವವರಲ್ಲ.

“ಎಂತ ಮಾರಾಯ್ತಿ ಇದು? ಜನ ಗ್ರಹಣದಿಂದ ತಪ್ಪಿಸಿಕೊಂಡು ಓಡುದು. ನೀನು ದುಡ್ಡು ಒಟ್ಟುಮಾಡಿ ಅದನ್ನು ಹುಡುಕಿಕೊಂಡು ಹೋಗುದಾ?”

“ಬೇಕಲಕ್ಕೆ ಇಂಗ್ಲೆಂಡಿನಿಂದ ಹುಡುಕಿಕೊಂಡು ಬಂದಿದ್ದರಂತೆ.”

ಕಾಂತಪ್ಪನವರ ತಾಯಿಯ ಮನೆ ಉದುಮದಲ್ಲಿ, ಬೇಕಲ ಕೋಟೆಗೆ ಬಹಳ ಹತ್ತಿರ. ರಜೆಯಲ್ಲಿ ಆ ಕೋಟೆಯ ಗೋಡೆ ಹತ್ತಿ ಬೆಳೆದವರು. ಅವರು ಊಟ ನಿಲ್ಲಿಸಿ, “ನಮ್ಮ ಬೇಕಲಕ್ಕಾ? ಯಾವಾಗ?” ಎಂದು ಕೇಳಿದರು. ಹೆಂಡತಿ ಹೇಳಿದರು. ಕೋಟೆಯ ಯಾವ ಬುರುಜಿನಲ್ಲಿ ಯಂತ್ರ ಇಟ್ಟಿದ್ದರು, ಅಷ್ಟು ಭಾರದ ಪೆಟ್ಟಿಗೆಗಳನ್ನು ಸಮುದ್ರದಿಂದ ಮೇಲೆ ತಂದದ್ದು ಹೇಗೆ, ಅಲೆಗೆ ದೋಣಿ ನಿಲ್ಲುವುದಿಲ್ಲವಲ್ಲ ಅಲ್ಲಿ ಎಂದು ಅವರು ಕೇಳುತ್ತಲೇ ಹೋದರು. ಹೆಂಡತಿಗೆ ಅರ್ಧಕ್ಕೆ ಉತ್ತರ ಗೊತ್ತಿರಲಿಲ್ಲ. ಎರಡು ದಿನ ಬಿಟ್ಟು, “ನಾನೂ ಬರ್ತೇನೆ,” ಎಂದರು. “ಪೆಟ್ಟಿಗೆ ಹೊರಲಿಕ್ಕೆ ಜನ ಬೇಕಲ್ಲ. ಆದರೆ ನೋಡುದಿಲ್ಲ. ನಾನು ಒಳಗೆ ಕೂತುಕೊಳ್ಳುದು.”

ಫೆಬ್ರವರಿ, ಮಾರ್ಚ್ ತಿಂಗಳ ಭಾನುವಾರಗಳಲ್ಲಿ ಬುಕಿತ್ ಬಾಟೋಕ್‌ನ ವಾಯ್ಡ್ ಡೆಕ್‌ನಲ್ಲಿ, ಅಂದರೆ ಫ್ಲ್ಯಾಟುಗಳ ಕೆಳಗಿನ ತೆರೆದ ಜಾಗದಲ್ಲಿ, ಅಭ್ಯಾಸ ನಡೆಯಿತು. ದ್ವಾರಕನಾಥರು ಊಟದ ತಟ್ಟೆಯ ಹಿಂದೆ ಬಲ್ಬು ಉರಿಸಿ ಸುತ್ತ ಹತ್ತಿ ಎಳೆದು ಅಂಟಿಸಿದ್ದರು. ಹರಿಣಾಕ್ಷಿಯವರು ಬೆನ್ನು ತಿರುಗಿಸಿ ಕೂತು ಎಣಿಸುವುದು, ಯಶ್ಮಿತಾ, ಸುಪ್ರೀತಾ, ದ್ವಾರಕನಾಥರು ಮತ್ತು ಇನ್ನೊಬ್ಬ ಹುಡುಗ ಕಪ್ಪು ಕಾಗದದ ಮೇಲೆ ಬಿಳಿ ಪೆನ್ಸಿಲಿನಲ್ಲಿ ಬರೆಯುವುದು. ಆ ದಾರಿಯಲ್ಲಿ ಹೋಗುವ ಚೀನೀ ಅಜ್ಜಿಯರು ಇದು ಯಾವ ಪೂಜೆ ಎಂದು ನಿಂತು ನೋಡುತ್ತಿದ್ದರು.

ಏಪ್ರಿಲ್ ಮೂರನೇ ವಾರ ಹೊರಟರು. ಬಾಲಿಯಲ್ಲಿ ವಿಮಾನ ಬದಲಿಸಿ ದಿಲಿಗೆ ಹೋಗಬೇಕು. ದಿಲಿಯಲ್ಲಿ ಇಳಿದು ನೋಡಿದರೆ ಕನ್ನಡಕದ ಪೆಟ್ಟಿಗೆಗಳು ಬಂದಿದ್ದವು. ದೂರದರ್ಶಕದ ದೊಡ್ಡ ಪೆಟ್ಟಿಗೆ ಬಂದಿರಲಿಲ್ಲ. ವಿಮಾನ ಚಿಕ್ಕದು, ತೂಕ ಹೆಚ್ಚಾಯಿತು ಎಂದು ಬಾಲಿಯಲ್ಲೇ ಇಳಿಸಿದ್ದರು. ಮುಂದಿನ ವಿಮಾನದಲ್ಲಿ ಬರಬಹುದು, ಬಾರದೆಯೂ ಇರಬಹುದು. ಹರಿಣಾಕ್ಷಿಯವರು ತಮ್ಮ ಮೆಲುದನಿಯಲ್ಲಿ ಎರಡು ಗಂಟೆ ಮಾತಾಡಿದರು. ಫೋಟೋ ಯಂತ್ರ, ವರ್ಣಪಟಲದ ಯಂತ್ರ ಎಲ್ಲ ಅದರೊಳಗೇ ಇದ್ದವು. ಪೆಟ್ಟಿಗೆಗೆ ಕಾದರೆ ಶಾಲೆಗಳು ತಪ್ಪುತ್ತವೆ.

ದ್ವಾರಕನಾಥರು ವಿಮಾನ ನಿಲ್ದಾಣದ ಹೊರಗೆ ತಮ್ಮ ಚೀಲದ ಮೇಲೆ ಕೂತುಬಿಟ್ಟಿದ್ದರು. ಹರಿಣಾಕ್ಷಿಯವರು ಪಕ್ಕದಲ್ಲಿ ನಿಂತು, “ಸರ್, ಏನು ಮಾಡುವ?” ಎಂದು ಕೇಳಿದರು.

ಅವರು ಎದ್ದು ಚೀಲ ತೆರೆದು ಕಪ್ಪು ಕಾಗದದ ಕಟ್ಟನ್ನು ಮುಟ್ಟಿ ನೋಡಿದರು. ಆಮೇಲೆ, “ಪೆನ್ಸಿಲ್ ಇದೆಯಲ್ಲ?” ಅಂದರು.

“ಉಂಟು.”

“ಮತ್ತೇನು, ಹೊರಡೋಣ.”

ದಾರಿಯುದ್ದಕ್ಕೂ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಬೋಳು ಗುಡ್ಡ. ಎರಡು ದಿನ ಶಾಲೆಗಳಲ್ಲಿ ನಿಲ್ಲುತ್ತ ಹೋದರು. ಇಂಗ್ಲಿಷ್ ಹೆಚ್ಚು ಜನಕ್ಕೆ ಬರುತ್ತಿರಲಿಲ್ಲ. ಅಲ್ಲಿ ಎಲ್ಲರಿಗಿಂತ ಉಪಯೋಗಕ್ಕೆ ಬಂದವರು ಕಾಂತಪ್ಪ. ವರ್ಕ್‌ಶಾಪಿನಲ್ಲಿ ಕಲಿತ ಅವರ ಒರಟು ಮಲಯ ಭಾಷೆ ಅಲ್ಲಿನ ನಡುವಯಸ್ಸಿನವರಿಗೆ ಚೆನ್ನಾಗಿ ಅರ್ಥವಾಗುತ್ತಿತ್ತು, ಏಕೆಂದರೆ ಅವರು ಶಾಲೆಯಲ್ಲಿ ಕಲಿತದ್ದು ಮಲಯಕ್ಕೆ ಬಹಳ ಹತ್ತಿರದ ಇಂಡೋನೇಷ್ಯಾದ ಭಾಷೆ. ಹಾಗಾಗಿ ಗ್ರಹಣ ನೋಡಬಾರದು ಎನ್ನುವ ಮನುಷ್ಯನೇ ಶಾಲೆ ಶಾಲೆಯಲ್ಲಿ ನಿಂತು, ಸೂರ್ಯ ಪೂರ್ತಿ ಮುಚ್ಚುವ ತನಕ ಕನ್ನಡಕ ತೆಗೆಯಬೇಡಿ, ಪೂರ್ತಿ ಮುಚ್ಚಿದ ಮೇಲೆ ಮಾತ್ರ ತೆಗೆದು ನೋಡಿ, ಬೆಳಕು ಬಂದ ಕೂಡಲೇ ಮತ್ತೆ ಹಾಕಿ ಎಂದು ವಿವರಿಸಿದರು. ಯಶ್ಮಿತಾ ಅಪ್ಪನನ್ನು ನೋಡಿ ನಗು ತಡೆದುಕೊಳ್ಳುತ್ತಿದ್ದಳು.

ಕೊನೆಯ ಶಾಲೆ ಕೋಮ್ ಎಂಬ ಸಮುದ್ರ ತೀರದ ಹಳ್ಳಿಯ ಹತ್ತಿರ. ಅಲ್ಲಿನ ಶಿಕ್ಷಕಿ ಜೋವಾನಾ ಸ್ವಲ್ಪ ಇಂಗ್ಲಿಷ್ ಬಲ್ಲವಳು. ಹಲವು ತಾಯಂದಿರು ಆ ದಿನ ಮಕ್ಕಳನ್ನು ಮನೆಯೊಳಗೇ ಇಟ್ಟುಕೊಳ್ಳುತ್ತೇವೆ ಎನ್ನುತ್ತಿದ್ದಾರೆ, ಏನು ಮಾಡಲಿ ಎಂದು ಅವಳು ಹರಿಣಾಕ್ಷಿಯವರನ್ನು ಕೇಳಿದಳು. ಹರಿಣಾಕ್ಷಿಯವರು ಗಂಡನ ಕಡೆ ನೋಡಿದರು. ಕಾಂತಪ್ಪ ಆ ತಾಯಂದಿರ ಹತ್ತಿರ ಹೋಗಿ ಕೂತು ಬಹಳ ಹೊತ್ತು ಮಾತಾಡಿ ಬಂದರು.

“ಎಂತ ಹೇಳಿದಿರಿ?”

“ನಮ್ಮಲ್ಲೂ ಹಾಗೇ ಅಂತ ಹೇಳಿದೆ. ನಾನೂ ನೋಡುದಿಲ್ಲ, ನನ್ನ ಮಗಳು ನೋಡುತ್ತಾಳೆ ಅಂತ ಹೇಳಿದೆ.”

ಇಪ್ಪತ್ತನೇ ತಾರೀಕು ಬೆಳಿಗ್ಗೆ ಸಮುದ್ರದ ಮೇಲೆ ಮೋಡದ ತುಂಡುಗಳು ತೇಲುತ್ತಿದ್ದವು. ತೀರದ ಮರಳಿನ ಹಿಂದೆ, ಒಂದು ಹುಣಸೆ ಮರದ ಆಚೆ ಬಯಲಿನಲ್ಲಿ ನಾಲ್ಕು ಕುರ್ಚಿ ಹಾಕಿದರು. ಐದನೆಯದನ್ನು ತಿರುಗಿಸಿ ಇಟ್ಟರು. ಮಕ್ಕಳು ಬಂದರು, ಎಲ್ಲರೂ ಅಲ್ಲ, ಬಹಳ ಜನ. ಕೆಲವು ತಾಯಂದಿರೂ ಬಂದು ಮರದ ಬುಡದಲ್ಲಿ ಗುಂಪಾಗಿ ನಿಂತರು. ಕಾಂತಪ್ಪ ಬೆಳಿಗ್ಗೆಯೇ ಸ್ನಾನ ಮಾಡಿ, ಏನೂ ತಿನ್ನದೆ, ಬಸ್ಸಿನೊಳಗೆ ಕೂತಿದ್ದರು.

ಮಧ್ಯಾಹ್ನ ಸೂರ್ಯನ ಅಂಚು ಕಚ್ಚಿಹೋಯಿತು. ಮರದ ನೆರಳಿನಲ್ಲಿ ಬೆಳಕಿನ ನೂರಾರು ಕುಡುಗೋಲುಗಳು ಬಿದ್ದವು. ಬಿಸಿಲು ಇದ್ದಂತೆಯೇ ಇದ್ದು ಅದರ ಬಣ್ಣ ಕೆಟ್ಟಿತು. ಗಾಳಿ ತಣ್ಣಗಾಯಿತು. ಹರಿಣಾಕ್ಷಿಯವರು ಸ್ಟಾಪ್‌ವಾಚ್ ಹಿಡಿದು ತಮ್ಮ ಕುರ್ಚಿಯಲ್ಲಿ ಕೂತರು. ಮೋಡದ ಒಂದು ತುಂಡು ಸೂರ್ಯನ ಹತ್ತಿರ ಬಂದು, ಮುಟ್ಟಿ, ಹಾಗೇ ಪಕ್ಕಕ್ಕೆ ಹೋಯಿತು ಎಂದು ಸುಪ್ರೀತಾ ಕೂಗಿ ಹೇಳಿದಳು.

ಆಗ ಬಸ್ಸಿನ ಬಾಗಿಲು ತೆರೆದ ಸದ್ದಾಯಿತು. ಕಾಂತಪ್ಪ ತಲೆ ತಗ್ಗಿಸಿಕೊಂಡು, ನೆಲವನ್ನೇ ನೋಡುತ್ತ ನಡೆದು ಬಂದು ಹೆಂಡತಿಯ ಎದುರು ನಿಂತರು.

“ಏಳು.”

“ಎಂತಕ್ಕೆ?”

“ನಾನು ಹೇಗೂ ನೋಡುದಿಲ್ಲ. ಎಣಿಸಲಿಕ್ಕೆ ನೀನೇ ಯಾಕೆ? ಕೊಡು ಅದನ್ನು.”

ಹರಿಣಾಕ್ಷಿಯವರು ದ್ವಾರಕನಾಥರ ಕಡೆ ನೋಡಿದರು. ದ್ವಾರಕನಾಥರು ಕಾಗದ ತೊಡೆಯ ಮೇಲಿಟ್ಟುಕೊಂಡು, “ಬೇಗ ಕೊಡಮ್ಮ, ಹೊತ್ತಿಲ್ಲ,” ಅಂದರು. ಕಾಂತಪ್ಪ ಕೂತರು. ಇಂಜಿನ್ ಪರೀಕ್ಷೆಯಲ್ಲಿ ಎಣಿಸಿ ಎಣಿಸಿ ಅವರ ದನಿ ಗಟ್ಟಿಯಾಗಿತ್ತು.

ಸಮುದ್ರದ ಕಡೆಯಿಂದ ನೆರಳು ಬಂತು. ಓಡಿ ಬಂದಂತಲ್ಲ, ದೀಪ ಇಳಿಸಿದಂತೆ. ಕೊನೆಯ ಬೆಳಕಿನ ಹನಿ ಆರಿತು. ಮಕ್ಕಳು ಕಿರುಚಿದರು. ಕಾಂತಪ್ಪ “ಒಂದು” ಎಂದು ಶುರು ಮಾಡಿದರು.

ಹರಿಣಾಕ್ಷಿಯವರು ಕನ್ನಡಕ ತೆಗೆದರು. ಸೂರ್ಯನಿದ್ದ ಜಾಗದಲ್ಲಿ ಕಪ್ಪು ಬಿಲ್ಲೆ, ಅದರ ಅಂಚಿನಲ್ಲಿ ಗುಲಾಬಿ ಬಣ್ಣದ ಕಿಡಿಗಳು, ಸುತ್ತ ಎಲ್ಲ ದಿಕ್ಕಿಗೂ ಚಾಚಿದ ಬಿಳಿ. ಹತ್ತಿ ಅಂಟಿಸಿದ ತಟ್ಟೆಗೂ ಇದಕ್ಕೂ ಏನೇನೂ ಹೋಲಿಕೆ ಇರಲಿಲ್ಲ. ಅದು ಅಷ್ಟು ಸಣ್ಣದಿದ್ದೀತು ಎಂದು ಅವರು ಅಂದುಕೊಂಡಿರಲಿಲ್ಲ, ಅಷ್ಟು ಹತ್ತಿರ ಇದ್ದೀತು ಎಂದೂ. ಕೆಳಗೆ ಒಂದು ನಕ್ಷತ್ರ ಹೊಳೆಯುತ್ತಿತ್ತು. ಸುತ್ತಲಿನ ಕ್ಷಿತಿಜದಲ್ಲೆಲ್ಲ ಮುಸ್ಸಂಜೆಯ ಕೆಂಪು. ಹೆದರಿಕೆಯಾಗಲಿಲ್ಲ. ಅಳು ಬಂತು.

ಗಂಡನ ದನಿ ಮೂವತ್ತು ದಾಟಿತು. ನಲವತ್ತರ ಹತ್ತಿರ ಎಲ್ಲೋ ನಿಂತಿತು. ನಿಂತದ್ದು ಸ್ವಲ್ಪವೇ ಹೊತ್ತು. ಮತ್ತೆ ಶುರುವಾದಾಗ ಐವತ್ತರ ಮೇಲಿತ್ತು, ದನಿ ಸ್ವಲ್ಪ ಒಡೆದಿತ್ತು. ಎಪ್ಪತ್ತು ದಾಟುತ್ತಲೇ ಅಂಚಿನಲ್ಲಿ ಬೆಳಕು ಸಿಡಿಯಿತು, ಮಕ್ಕಳು ಕೂಗುತ್ತ ಕನ್ನಡಕ ಹಾಕಿಕೊಂಡರು. ಎಲ್ಲೋ ಒಂದು ಕೋಳಿ ಕೂಗಿತು.

ಎಲ್ಲರೂ ಎದ್ದು ಒಬ್ಬರನ್ನೊಬ್ಬರು ತಬ್ಬಿಕೊಂಡು, ನಕ್ಕು, ಮಾತಾಡಿ ಮುಗಿದ ಮೇಲೆ ದ್ವಾರಕನಾಥರು ಕಾಗದಗಳನ್ನು ಕೇಳಿದರು. ಯಶ್ಮಿತಾಳ ಹಾಳೆಯಲ್ಲಿ ಎಂಟು ಉದ್ದ ಗೆರೆಗಳು ನಕ್ಷತ್ರದಂತೆ ಚಾಚಿದ್ದವು. ಹುಡುಗನದರಲ್ಲಿ ಒಂದು ಕಡೆ ಮಾತ್ರ ಬಾಲ. ಸುಪ್ರೀತಾಳದು ಖಾಲಿ. “ಸಾರಿ ಅಂಕಲ್, ಪೆನ್ಸಿಲ್ ಕೈಯಲ್ಲಿತ್ತು, ಆದ್ರೆ ಬರೀಬೇಕು ಅನ್ನೋದೇ ಮರೆತುಹೋಯ್ತು,” ಎಂದಳು. ದ್ವಾರಕನಾಥರು ತಮ್ಮ ಹಾಳೆ ತೋರಿಸಿದರು. ಅದರಲ್ಲಿ ಒಂದು ವೃತ್ತವಿತ್ತು. ಅದನ್ನು ಅವರು ಬೆಳಿಗ್ಗೆಯೇ ಬರೆದಿಟ್ಟುಕೊಂಡಿದ್ದರು.

“ಹೀಗೇ ಆಗ್ತಿತ್ತಂತೆ ಆಗಲೂ,” ಅಂದರು ಅವರು. ಮುಖ ಇನ್ನೂ ಒದ್ದೆಯಾಗಿತ್ತು. “ಸಾವಿರಾರು ಮೈಲಿ ಬಂದು, ಖಾಲಿ ಹಾಳೆ ತಗೊಂಡು ಹೋದೋರು ಇದ್ದರು. ನಾನು ನಗ್ತಿದ್ದೆ ಓದಿ.”

ವರದಿಯಲ್ಲಿ ಅವರು ಎಲ್ಲವನ್ನೂ ಇದ್ದ ಹಾಗೆ ಬರೆದರು. ಖಾಲಿ ಹಾಳೆಯನ್ನೂ ಬರೆದರು, ಎಣಿಕೆಯಲ್ಲಿ ಹತ್ತು ಸೆಕೆಂಡಿನ ಅಂತರ ಬಂದದ್ದನ್ನೂ ಬರೆದರು. ಆ ಅಂತರದ ಬಗ್ಗೆ ಕಾಂತಪ್ಪನವರನ್ನು ಯಾರೂ ಪ್ರಶ್ನಿಸಲಿಲ್ಲ. ವಾಪಸ್ ಬರುವ ಬಸ್ಸಿನಲ್ಲಿ ಹರಿಣಾಕ್ಷಿಯವರು, “ಹಸಿವಾಗುತ್ತದಾ?” ಎಂದು ಮಾತ್ರ ಕೇಳಿದರು. ಕಾಂತಪ್ಪ ಹೌದೆಂದು ತಲೆಯಾಡಿಸಿ, ಜೋವಾನಾ ಕಟ್ಟಿಕೊಟ್ಟಿದ್ದ ಬೇಯಿಸಿದ ಮರಗೆಣಸನ್ನು ಬಿಚ್ಚಿದರು. ಊಟಕ್ಕೆ ಮೊದಲು ಸ್ನಾನ ಮಾಡಬೇಕಿತ್ತಲ್ಲ ಎಂದು ಹರಿಣಾಕ್ಷಿಯವರಿಗೆ ನೆನಪಾಯಿತು. ಅವರೂ ಒಂದು ತುಂಡು ತೆಗೆದುಕೊಂಡರು.

ಸಿಂಗಾಪುರಕ್ಕೆ ಬಂದ ಮೇಲೆ ಪಟ್ಟಾಭಿರಾಮ ಫೋಟೋಗಳನ್ನು ನೋಡಿ ಖುಷಿಪಟ್ಟರು. ಸಾಲಾಗಿ ನಿಂತು ಮೇಲೆ ನೋಡುವ ಮಕ್ಕಳ ಒಂದು ಚಿತ್ರ ಅವರ ಕಂಪನಿಯ ಕ್ಯಾಲೆಂಡರಿಗೆ ಹೋಯಿತು. ಹಿಂದೆ ಹಣ ಕೊಡಲಾಗದಿದ್ದ ಸಮಿತಿಯವರು ವಾರ್ಷಿಕೋತ್ಸವದಲ್ಲಿ ಸನ್ಮಾನ ಮಾಡುತ್ತೇವೆ ಎಂದರು. ದ್ವಾರಕನಾಥರು ಒಪ್ಪಿ ಶಾಲು ಹೊದ್ದು ಬಂದರು. ಹರಿಣಾಕ್ಷಿಯವರಿಗೆ ಆ ಸಂಜೆ ಡ್ಯೂಟಿ ಇತ್ತು.

ಬಾಲಿಯಲ್ಲಿ ಉಳಿದ ಪೆಟ್ಟಿಗೆ ಮೇ ತಿಂಗಳಲ್ಲಿ ಪತ್ತೆಯಾಯಿತು. ಸಿಂಗಾಪುರಕ್ಕೆ ವಾಪಸ್ ಕಳಿಸುತ್ತೇವೆ ಎಂದು ವಿಮಾನದವರು ಫೋನ್ ಮಾಡಿದಾಗ ಹರಿಣಾಕ್ಷಿಯವರು ದ್ವಾರಕನಾಥರನ್ನು ಕೇಳಿದರು.

“ಫೋಟೋ ಯಂತ್ರ ಮಾತ್ರ ತೆಗೆದಿಟ್ಟುಕೊಳ್ಳಮ್ಮ,” ಅಂದರು ಅವರು. “ದೂರದರ್ಶಕ ಕೋಮ್ ಶಾಲೆಯ ಆ ಮೇಡಮ್‌ಗೆ ಹೋಗಲಿ. ನನ್ನ ಕೈ ಇನ್ನೆಷ್ಟು ದಿನ ಅದನ್ನ ಎತ್ತುತ್ತೆ?”

ವಿಮಾನದವರ ಜೊತೆ ಮತ್ತೆ ಎರಡು ವಾರ ಮಾತು ನಡೆಯಿತು. ಕೊನೆಗೆ ಪೆಟ್ಟಿಗೆ ಸಿಂಗಾಪುರಕ್ಕೆ ಬಂದ ಮೇಲೆ ಫೋಟೋ ಯಂತ್ರ ತೆಗೆದಿಟ್ಟು, ದಿಲಿಗೆ ಹೋಗುವ ಒಂದು ಸರಕು ಹಡಗಿನಲ್ಲಿ, ಪರಿಚಯದ ಕ್ಯಾಪ್ಟನ್‌ನಿಗೆ ಹೇಳಿ, ಪೆಟ್ಟಿಗೆ ಹತ್ತಿಸಿದರು. ಅದು ಕೋಮ್ ತಲುಪಿದ್ದು ಜುಲೈಯಲ್ಲಿ. ಜೋವಾನಾ ಫೋನಿನಲ್ಲಿ ಒಂದು ಧ್ವನಿ ಸಂದೇಶ ಕಳಿಸಿದ್ದಳು. ಮಕ್ಕಳೆಲ್ಲ ಚಂದ್ರನನ್ನು ನೋಡಿದರು, ಹೊಂಡಗಳು ಯಾಕಿವೆ ಎಂದು ಕೇಳುತ್ತಿದ್ದಾರೆ, ಏನು ಹೇಳಲಿ ಎಂದು. ಹಿಂದಿನಿಂದ ಮಕ್ಕಳು ಒಬ್ಬರ ಮೇಲೊಬ್ಬರು ಮಾತಾಡುವ ಗದ್ದಲ.

ಹರಿಣಾಕ್ಷಿಯವರು ಆಗ ಬಂದರಿನ ದೋಣಿಗಟ್ಟೆಯಲ್ಲಿ, ಹಡಗಿನಿಂದ ಇಳಿಯಲಿದ್ದ ನಾಲ್ವರಿಗಾಗಿ ಕಾಯುತ್ತಿದ್ದರು. ಸಂದೇಶವನ್ನು ದ್ವಾರಕನಾಥರಿಗೆ ಕಳಿಸಿ, “ಸರ್, ಇದಕ್ಕೆ ನೀವೇ ಉತ್ತರ ಕೊಡಿ,” ಎಂದು ಬರೆದರು. ಅಷ್ಟರಲ್ಲಿ ದೋಣಿ ಬಂತು. ಮೊದಲು ಇಳಿದವನ ಕೈಯಲ್ಲಿ ಚೀಲಗಳು ಹೆಚ್ಚಾಗಿದ್ದವು. ಅವರು ಫೋನನ್ನು ಬ್ಯಾಗಿಗೆ ಹಾಕಿ, ಒಂದನ್ನು ಹಿಡಿದುಕೊಳ್ಳಲು ಮುಂದೆ ಹೋದರು.